ಎರಡು ಚೌಕಗಳ ನಡುವಿನ ಜಾಗ

ನಮ್ಮೂರು ಅಕ್ಕೂರು, ಚನ್ನಪಟ್ಟಣ ತಾಲ್ಲೂಕು. ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ರೇಷ್ಮೆ ಹುಳುಗಳಿಗೇ ಹೆಚ್ಚು ಜಾಗ. ನಡುಮನೆ ತುಂಬಾ ತಟ್ಟೆಗಳು. ತಟ್ಟೆಗೆ ಹಾಸಲು ಅಪ್ಪ ಪೇಟೆಯಿಂದ ಹಳೇ ಪೇಪರನ್ನು ತೂಕಕ್ಕೆ ತರುತ್ತಿದ್ದರು. ಆ ರದ್ದಿಯಲ್ಲಿ ‘ಸುಧಾ’ ವಾರಪತ್ರಿಕೆಯ ಹಾಳೆಗಳೂ ಸೇರಿಕೊಂಡು ಬರುತ್ತಿದ್ದವು. ಹೀಗಾಗಿ ಕಾಮಿಕ್ಸಿನ ಫ್ಯಾಂಟಮ್ ನನಗೆ ಮೊದಲು ಸಿಕ್ಕಿದ್ದು ಹಿಪ್ಪುನೇರಳೆ ಸೊಪ್ಪಿನ ಅಡಿಯಲ್ಲಿ. ನಡುರಾತ್ರಿ ಸೊಪ್ಪು ಹಾಕಲು ಎಬ್ಬಿಸಿದಾಗ ಲಾಟೀನು ಹಿಡಿದು, ಹುಳುಗಳನ್ನು ಒಂದಿಷ್ಟು ಆಚೆ ಸರಿಸಿ ಓದುತ್ತಿದ್ದೆ. ಮೂರನೇ ಚೌಕದಲ್ಲಿ ಫ್ಯಾಂಟಮ್ ಮುಷ್ಟಿ ಎತ್ತಿರುತ್ತಿದ್ದ. ನಾಲ್ಕನೆಯದರ ಮೇಲೆ ಹುಳುವಿನ ಹಿಕ್ಕೆ, ಏನೂ ಕಾಣದು. ಐದನೆಯದರಲ್ಲಿ ಎದುರಾಳಿ ಅಂಗಾತ ಬಿದ್ದಿರುತ್ತಿದ್ದ. ಹೊಡೆದವರು ಯಾರು? ಹಿಕ್ಕೆಯ ಅಡಿಯಲ್ಲಿ ಏನಿತ್ತೋ ನಾನು ನೋಡಲೇ ಇಲ್ಲ. ಆ ಏಟನ್ನು ಹಾಕಿದವನು ನಾನೇ. ಅಪ್ಪ ಗದರಿಸುವ ತನಕ ಮತ್ತೆ ಮತ್ತೆ ಹಾಕುತ್ತಿದ್ದೆ.

ಇದೆಲ್ಲ ನೆನಪಾಗಲು ಕಾರಣ ನನ್ನ ತಂಗಿಯ ಮಗ. ಹಗಲು ಚನ್ನಪಟ್ಟಣದಲ್ಲಿ ಗೊಂಬೆಗಳಿಗೆ ಬಣ್ಣ ಹಾಕುತ್ತಾನೆ, ರಾತ್ರಿ ಚಿತ್ರಕತೆ, ಅಂದರೆ ಕಾಮಿಕ್ಸ್, ಬರೆಯುತ್ತಾನೆ. ಮೊನ್ನೆ ಒಂದು ಕಟ್ಟು ಹಾಳೆ ತಂದು ನನ್ನ ಮುಂದಿಟ್ಟ. ಮೀಟರ್ ಬಡ್ಡಿಯವನೊಬ್ಬನ ಕತೆ. ಅದರಲ್ಲಿ ರಕ್ತ ಇದೆ, ಬೈಗುಳ ಇದೆ, ಬೆತ್ತಲೆ ಮೈಯೂ ಇದೆ. ಓದಿ ಮುಗಿಸಿ ಕನ್ನಡಕ ತೆಗೆದೆ. “ಮಾವ, ಇದ್ನ ಸಿನಿಮಾ ಮಾಡುದ್ರೆ ಸೆನ್ಸಾರ್‌ನೋರು ಬಿಡ್ತಾರಾ?” ಅಂದ. “ನಿಮ್ಮವ್ವ ಬಿಡ್ತಾಳಾ, ಅದ್ನ ಮೊದ್ಲು ಹೇಳು” ಅಂದೆ. ಇಬ್ಬರೂ ನಕ್ಕೆವು. ಆದರೆ ಅವನ ಪ್ರಶ್ನೆ ಮಾತ್ರ ಎದ್ದು ಹೋಗಲಿಲ್ಲ. ಇವತ್ತಿನ ಈ ಭಾಷಣ ಅದಕ್ಕೆ ನನ್ನ ಉತ್ತರ.

ಚಿತ್ರಕತೆ ಅಂದರೆ ಮಕ್ಕಳದ್ದು ಅನ್ನುವ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಅದಕ್ಕೆ ಕಾರಣವೂ ಇದೆ. ಅಮರ ಚಿತ್ರಕಥೆ ಮೊದಲು ಹೊರಬಂದದ್ದು ಇಂಗ್ಲಿಷಿನಲ್ಲಲ್ಲ, ಹಿಂದಿಯಲ್ಲೂ ಅಲ್ಲ, ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ ಸಿಂಡರೆಲ್ಲಾಳಂಥ ಪಾಶ್ಚಾತ್ಯ ಕಿನ್ನರ ಕತೆಗಳು ಕನ್ನಡದಲ್ಲಿ ಅಚ್ಚಾದವು. ಕಾರ್ಕಳದ ಅನಂತ ಪೈಗಳು ಕೃಷ್ಣನನ್ನು ತಂದದ್ದು ಅದಾದ ಮೇಲೆ. ಇಷ್ಟು ಸೊಗಸಾದ ಆರಂಭ ಸಿಕ್ಕಿಯೂ ಚಿತ್ರಕತೆ ನಮ್ಮಲ್ಲಿ ದೊಡ್ಡವರ ಕೋಣೆಗೆ ಹೋಗಲೇ ಇಲ್ಲ. ಮಕ್ಕಳ ಪತ್ರಿಕೆ ಬಾಲಮಂಗಳದ ಡಿಂಗನ ಹತ್ತಿರ ನಿಂತುಬಿಟ್ಟಿತು. ಡಿಂಗನ ಮೇಲೆ ನನಗೇನೂ ಕೋಪವಿಲ್ಲ.

ಹೊರದೇಶಗಳಲ್ಲಿ ಅದು ಬೇರೆ ದಾರಿ ಹಿಡಿಯಿತು. ಅಮೆರಿಕದಲ್ಲಿ 1954ರಲ್ಲಿ ಫ್ರೆಡ್ರಿಕ್ ವರ್ಥಾಮ್ ಎಂಬ ಮನೋವೈದ್ಯರು ಕಾಮಿಕ್ಸು ಮಕ್ಕಳನ್ನು ಕೆಡಿಸುತ್ತಿದೆ ಎಂದು ಪುಸ್ತಕವನ್ನೇ ಬರೆದರು. ಹೆದರಿದ ಪ್ರಕಾಶಕರು ತಮಗೆ ತಾವೇ ಒಂದು ನಿಯಮಾವಳಿ ಹಾಕಿಕೊಂಡರು. ಆ ಬೇಲಿಯನ್ನು ದಾಟಿ ದೊಡ್ಡವರಿಗೆಂದೇ ಬರೆದ ಚಿತ್ರಕತೆಗಳು ಗಟ್ಟಿಯಾಗಿ ನಿಲ್ಲಲು ಬಹಳ ವರ್ಷ ಹಿಡಿಯಿತು. ಅವುಗಳಲ್ಲಿ ಹೆಸರಾದದ್ದು ‘ವಾಚ್‌ಮೆನ್’. ಅಲನ್ ಮೂರ್ ಬರೆದದ್ದು, ಡೇವ್ ಗಿಬ್ಬನ್ಸ್ ಚಿತ್ರ ಬಿಡಿಸಿದ್ದು. 1986ರಿಂದ 87ರವರೆಗೆ ಹನ್ನೆರಡು ಸಂಚಿಕೆ. ಮುಖವಾಡದ ವೀರರು ನಿಜಕ್ಕೂ ಇದ್ದಿದ್ದರೆ ಅವರಲ್ಲಿ ಕೆಲವರು ಹುಚ್ಚರು, ಕೆಲವರು ಹೆಂಗಸರ ಮೇಲೆ ಕೈಮಾಡುವ ಪಶುಗಳು ಆಗಿರುತ್ತಿದ್ದರು ಅನ್ನುವುದು ಅದರ ಒಳತಿರುಳು. 2009ರಲ್ಲಿ ಜಾಕ್ ಸ್ನೈಡರ್ ಅದನ್ನು ಸಿನಿಮಾ ಮಾಡಿದರು. ಪುಸ್ತಕದ ಎಷ್ಟೋ ಚೌಕಗಳನ್ನು ಹಾಗೆಯೇ ಪರದೆಗೆ ಎತ್ತಿದರು, ಅದೇ ಕೋನದಲ್ಲಿ. ಅಷ್ಟು ಭಕ್ತಿ. ಆದರೂ ಮೂರ್ ತಮ್ಮ ಹೆಸರನ್ನು ಚಿತ್ರದಲ್ಲಿ ಹಾಕಲು ಬಿಡಲಿಲ್ಲ.

ನನ್ನ ಸೋದರಳಿಯ ಅದನ್ನು ನನಗೆ ಫೋನಿನಲ್ಲಿ ತೋರಿಸಿದ, ಪುಸ್ತಕವನ್ನೂ ತೋರಿಸಿದ. ಪುಸ್ತಕದಲ್ಲಿ ಒಂದು ಹೊಡೆದಾಟ ಕೆಲವೇ ಚಿಕ್ಕ ಚೌಕಗಳಲ್ಲಿ ಮುಗಿದುಹೋಗುತ್ತದೆ, ಓದುವವನ ಹೊಟ್ಟೆ ತೊಳಸುತ್ತದೆ. ಪರದೆಯ ಮೇಲೆ ಅದೇ ಹೊಡೆದಾಟ ನಿಧಾನಕ್ಕೆ, ಸೊಗಸಾಗಿ, ಕುಣಿತದ ಹಾಗೆ ಬರುತ್ತದೆ. ಮೂಳೆ ಮುರಿಯುವ ಸದ್ದಿಗೂ ಒಂದು ತಾಳ. ಚಿತ್ರ ಒಂದೇ, ಅರ್ಥ ತಿರುಗಿಬಿದ್ದಿದೆ. ಪುಸ್ತಕ ಯಾವುದನ್ನು ಅಸಹ್ಯ ಅನ್ನುತ್ತದೋ ಸಿನಿಮಾ ಅದರ ರುಚಿ ಹತ್ತಿಸುತ್ತದೆ. ಯಥಾವತ್ತು ಅನ್ನುವುದೂ ಒಮ್ಮೊಮ್ಮೆ ದ್ರೋಹವೇ.

ಯಾಕೆ ಹೀಗೆ? ಚಿತ್ರಕತೆಯ ಜೀವ ಇರುವುದು ಚೌಕಗಳಲ್ಲಲ್ಲ, ಎರಡು ಚೌಕಗಳ ನಡುವಿನ ಬಿಳಿ ಜಾಗದಲ್ಲಿ. ಕೊಡಲಿ ಎತ್ತಿದ್ದು ಒಂದು ಚೌಕ, ಊರಿನ ಮೇಲೆ ಕೇಳಿದ ಚೀರಾಟ ಇನ್ನೊಂದು. ನಡುವಿನ ಕೊಲೆಯನ್ನು ಮಾಡುವವನು ಓದುಗ. ಎಷ್ಟು ಬೇಗ ಮಾಡಬೇಕು, ಎಷ್ಟು ಹೊತ್ತು ನೋಡಬೇಕು, ಹಾಳೆ ತಿರುಗಿಸಬೇಕೋ ಬೇಡವೋ, ಎಲ್ಲ ಅವನ ಬೆರಳಿನಲ್ಲಿದೆ. ಸಿನಿಮಾದಲ್ಲಿ ಆ ಬಿಳಿ ಜಾಗವೇ ಇಲ್ಲ. ಸೆಕೆಂಡಿಗೆ 24 ಚಿತ್ರ ಓಡುತ್ತವೆ. ಕಣ್ಣು ಮುಚ್ಚಿದರೂ ಕಿವಿ ತೆರೆದಿರುತ್ತದೆ. ಸಾಲದ್ದಕ್ಕೆ ಪಕ್ಕದಲ್ಲಿ ಯಾರೋ ಕೂತಿರುತ್ತಾರೆ.

ಪಕ್ಕದಲ್ಲಿ ಕೂತವರ ಮಾತು ಬಂತು. 1973ರಲ್ಲಿ ಪುಟ್ಟಣ್ಣ ಕಣಗಾಲ್ ಅವರ ‘ಎಡಕಲ್ಲು ಗುಡ್ಡದ ಮೇಲೆ’ ಬಂತು. ಭಾರತೀಸುತರ ಕಾದಂಬರಿ. ಯುದ್ಧದಲ್ಲಿ ಘಾಸಿಗೊಂಡ ಗಂಡ, ಅವನ ಹೆಂಡತಿ ಮಾಧವಿ, ಆಕೆಯ ಮೈಯ ಬಯಕೆ. ಮಾಧವಿಯಾಗಿ ಜಯಂತಿ. ನಮ್ಮ ಸೋದರತ್ತೆ ಆ ಕಾದಂಬರಿಯನ್ನು ಪೇಟೆಯ ಲೈಬ್ರರಿಯಿಂದ ತರಿಸಿಕೊಂಡು ಮೊದಲೇ ಓದಿದ್ದರು. ಅಕ್ಕಿ ಆರಿಸುತ್ತಾ ಅಮ್ಮನಿಗೆ ಕತೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಒಂದಿಷ್ಟೂ ಮುಜುಗರವಿಲ್ಲ, ‘ಪಾಪ, ಅವಳೇನು ಮಾಡಿಯಾಳು’ ಅಂತ ಮಾಧವಿಯ ಪರವಾಗಿ ವಕಾಲತ್ತು ಬೇರೆ. ಆಮೇಲೆ ಆ ಸಿನಿಮಾ ನಮ್ಮ ಕಡೆಯ ಟೆಂಟಿಗೆ ಬಂತು. ಹೆಂಗಸರ ಕಡೆಗೂ ಗಂಡಸರ ಕಡೆಗೂ ನಡುವೆ ಮೊಣಕಾಲೆತ್ತರದ ಒಂದು ಗೋಡೆ. ಚಿಕ್ಕವನಾದ್ದರಿಂದ ನನ್ನನ್ನು ಹೆಂಗಸರ ಕಡೆ ಕೂರಿಸಿಕೊಂಡಿದ್ದರು. ಪರದೆಯ ಮೇಲೆ ಮಾಧವಿ ತಳಮಳಿಸುತ್ತಿದ್ದರೆ ಅದೇ ಸೋದರತ್ತೆ ಸೆರಗನ್ನು ಮೂಗಿನ ತನಕ ಎಳೆದುಕೊಂಡು ನೆಲ ನೋಡುತ್ತಿದ್ದರು. ಮನೆಗೆ ನಡೆದು ಬರುವಾಗ ಬ್ಯಾಟರಿ ಬೆಳಕಿನಲ್ಲಿ ಯಾರೂ ಮಾತಾಡಲಿಲ್ಲ.

ಕತೆ ಅದೇ. ಹೆಂಗಸೂ ಅದೇ. ಬದಲಾದದ್ದು ಅಕ್ಕಪಕ್ಕ.

ಇದನ್ನು ನಮ್ಮ ನ್ಯಾಯಾಲಯವೂ ಕಂಡುಕೊಂಡಿತ್ತು. ಕೆ.ಎ. ಅಬ್ಬಾಸ್ ತಮ್ಮ ಸಾಕ್ಷ್ಯಚಿತ್ರವೊಂದರಲ್ಲಿ ಮುಂಬಯಿಯ ಕೆಂಪುದೀಪದ ಬೀದಿಯನ್ನು ತೋರಿಸಿದ್ದಕ್ಕೆ ಸೆನ್ಸಾರ್ ಮಂಡಳಿ ತಕರಾರು ತೆಗೆಯಿತು. ಪುಸ್ತಕಕ್ಕಿಲ್ಲದ ಮುನ್‌ತಪಾಸಣೆ ಸಿನಿಮಾಕ್ಕೆ ಮಾತ್ರ ಯಾಕೆ ಎಂದು ಅವರು ಸುಪ್ರೀಂ ಕೋರ್ಟಿಗೆ ಹೋದರು. 1970ರ ಸೆಪ್ಟೆಂಬರಿನಲ್ಲಿ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ತೀರ್ಪು ಕೊಟ್ಟರು. ಚಲನಚಿತ್ರ ಮನುಷ್ಯನ ಭಾವನೆಗಳನ್ನು ಬೇರೆ ಕಲೆಗಳಿಗಿಂತ ಆಳವಾಗಿ ಕಲಕುತ್ತದೆ, ಆದ್ದರಿಂದ ಅದನ್ನು ಬೇರೆಯಾಗಿ ನೋಡುವುದು ತಪ್ಪಲ್ಲ ಅನ್ನುವುದು ಅದರ ಸಾರ. ತೀರ್ಪು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಸೋದರತ್ತೆಯ ಸೆರಗು ನೆನಪಾದಾಗೆಲ್ಲ ಆ ಮಾತಿನಲ್ಲಿ ಹುರುಳಿಲ್ಲ ಅನ್ನಲೂ ಆಗುವುದಿಲ್ಲ.

ಅದೇ ವರ್ಷದ ಇನ್ನೊಂದು ಗಲಾಟೆ ನಮ್ಮದೇ ಮನೆಯದು. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಅಚ್ಚಾಯಿತು. ಬೈಗುಳ ಬಂತು, ಮೆಚ್ಚುಗೆ ಬಂತು, ಪುಸ್ತಕ ಮಾತ್ರ ಅಂಗಡಿಯಲ್ಲೇ ಇತ್ತು. ಪಟ್ಟಾಭಿರಾಮ ರೆಡ್ಡಿಯವರು ಅದನ್ನು ಸಿನಿಮಾ ಮಾಡಿದರು. ಸ್ಕ್ರೀನ್‌ಪ್ಲೇ ಗಿರೀಶ ಕಾರ್ನಾಡರದು, ಪ್ರಾಣೇಶಾಚಾರ್ಯನ ಪಾತ್ರವೂ ಅವರದೇ. ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ, ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ ಚಿತ್ರೀಕರಣ. ಮದರಾಸಿನ ಸೆನ್ಸಾರ್ ಮಂಡಳಿ ಪ್ರಮಾಣಪತ್ರವನ್ನೇ ಕೊಡಲಿಲ್ಲ. ಐದು ವರ್ಷ ಓದಿಸಿಕೊಂಡ ಕತೆ ಪರದೆಗೆ ಬಂದ ಕೂಡಲೇ ಅಪಾಯಕಾರಿಯಾಯಿತು. ಕೊನೆಗೆ ಕೇಂದ್ರ ಸರ್ಕಾರದ ಮಟ್ಟದಲ್ಲಿ ನಿಷೇಧ ಹೋಯಿತು. ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು, ಕನ್ನಡಕ್ಕೆ ಮೊದಲ ಸ್ವರ್ಣಕಮಲ. ತಡೆದದ್ದೂ ಸರ್ಕಾರದ ಮಂಡಳಿ, ಪದಕ ಕೊಟ್ಟದ್ದೂ ಸರ್ಕಾರ. ನಮ್ಮ ಕಡೆ ಇದಕ್ಕೆ ಅತ್ತೆ ಬೈದು ಮಾವ ಉಣ್ಣಿಸಿದಂತೆ ಅನ್ನುತ್ತೇವೆ.

ಬಿಚ್ಚಿ ತೋರಿಸಿದ್ದಕ್ಕೆ ಆ ಚಿತ್ರವನ್ನು ತಡೆದರು ಅಂದುಕೊಂಡರೆ ತಪ್ಪು. ಅದರಲ್ಲಿ ಬಿಚ್ಚಿ ತೋರಿಸಿದ್ದು ಬಹಳ ಕಡಿಮೆ. ನಾರಣಪ್ಪನ ಹೆಣ ಸುಡದೆ ಬಿದ್ದಿದೆ, ಅಗ್ರಹಾರ ಹಸಿದು ಕೂತಿದೆ, ಕಪ್ಪು ಬಿಳುಪಿನ ಮುಖಗಳು ಸುಮ್ಮನೆ ನೋಡುತ್ತಿವೆ. ಕಾಣುವ ಚೌಕಗಳಿಗಿಂತ ನಡುವಿನ ಜಾಗವೇ ಜಾಸ್ತಿ. ಆ ಜಾಗದಲ್ಲಿ ನೋಡುಗ ತನ್ನ ಜಾತಿಯನ್ನು, ತನ್ನ ಮಡಿಯನ್ನು ತಂದು ಕೂರಿಸಲೇಬೇಕು. ಮಂಡಳಿಗೆ ನುಂಗಲಾರದ ತುತ್ತಾದದ್ದು ಅದೇ ಇರಬೇಕು.

ಹೊರಗಿನದೊಂದು ಉದಾಹರಣೆ ಹೇಳಿ ಮತ್ತೆ ಊರಿಗೆ ಬರುತ್ತೇನೆ. ಇರಾನಿನ ಮರ್ಜಾನ್ ಸತ್ರಾಪಿ ತಮ್ಮ ಬಾಲ್ಯವನ್ನೇ ‘ಪರ್ಸೆಪೊಲಿಸ್’ ಎಂಬ ಚಿತ್ರಕತೆಯಾಗಿ ಬರೆದರು. ಸಿನಿಮಾದವರು ಕೇಳಿದಾಗ ನಟರು ಬೇಡ, ಗೆರೆಯಲ್ಲೇ ಇರಲಿ ಎಂದು ಹಟ ಹಿಡಿದು, ವಿನ್ಸೆಂಟ್ ಪರೋನೋ ಜೊತೆ ತಾವೇ ನಿರ್ದೇಶಿಸಿದರು. 2007ರಲ್ಲಿ ಕಾನ್ ಉತ್ಸವದಲ್ಲಿ ಜ್ಯೂರಿ ಬಹುಮಾನ ಬಂತು. ಅದರಲ್ಲಿ ಪುಟ್ಟ ಹುಡುಗಿಯೊಬ್ಬಳು ಗಡ್ಡದ ಅಜ್ಜನಂತಿರುವ ದೇವರ ಜೊತೆ ಮಾತಾಡುತ್ತಾಳೆ. 2011ರಲ್ಲಿ ಟ್ಯುನೀಸಿಯಾದ ಒಂದು ಟಿವಿ ವಾಹಿನಿ ಅದನ್ನು ಅಲ್ಲಿಯ ಆಡುಭಾಷೆಗೆ ಡಬ್ ಮಾಡಿ ಬಿತ್ತರಿಸಿತು. ಬೀದಿಯಲ್ಲಿ ಗಲಾಟೆ, ವಾಹಿನಿಯ ಮಾಲೀಕರ ಮನೆಯ ಮೇಲೆ ದಾಳಿ. ಮುಂದಿನ ವರ್ಷ ಕೋರ್ಟು ಅವರಿಗೆ ದಂಡ ಹಾಕಿತು. ಪುಸ್ತಕದಲ್ಲಿ ದೇವರು ಫ್ರೆಂಚ್ ಮಾತಾಡುತ್ತಿದ್ದ, ಓದುಗನ ಮನಸ್ಸಿನೊಳಗೇ ಇದ್ದ. ಟಿವಿಯಲ್ಲಿ ಮನೆಯ ಭಾಷೆಯಲ್ಲಿ, ನಡುಮನೆಯಲ್ಲಿ, ಎಲ್ಲರೂ ಕೂತಿರುವಾಗ ಬಂದುಬಿಟ್ಟ. ಗೆರೆಯ ಚಿತ್ರವಾದರೇನು, ದನಿ ಬಂದ ಮೇಲೆ ಮಾತು ಬೇರೆ.

ಈಗ ನಮ್ಮ ಬಂಡೆಗಳಿಗೆ ಬರೋಣ. ರಾಮನಗರ, ಮಾಗಡಿ ಕಡೆಯ ಬಂಡೆಗಳು ಸಿನಿಮಾದವರಿಗೆ ಪಾಠಶಾಲೆಯೇ. ಮಾಗಡಿಯ ಸಾವನದುರ್ಗದಲ್ಲೂ ನಮ್ಮ ರಾಮದೇವರಬೆಟ್ಟದಲ್ಲೂ ಡೇವಿಡ್ ಲೀನ್ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರದ ಮರಬಾರ್ ಗುಹೆಗಳನ್ನು ಚಿತ್ರಿಸಿದರು. ಚಿತ್ರ ಬಂದದ್ದು 1984ರಲ್ಲಿ, ಇ.ಎಂ. ಫಾರ್‌ಸ್ಟರ್ ಅವರ ಕಾದಂಬರಿ 1924ರದು. ಇಂಗ್ಲಿಷ್ ಹುಡುಗಿ ಅಡೆಲಾ, ಗುಹೆಯಲ್ಲಿ ಡಾಕ್ಟರ್ ಅಜೀಜ್ ತನ್ನ ಮೇಲೆ ಕೈಮಾಡಿದ ಎಂದು ದೂರುತ್ತಾಳೆ. ಗುಹೆಯೊಳಗೆ ನಿಜಕ್ಕೂ ಏನಾಯಿತು? ಫಾರ್‌ಸ್ಟರ್ ಹೇಳುವುದಿಲ್ಲ. ಇಡೀ ಕಾದಂಬರಿ ನಿಂತಿರುವುದೇ ಆ ಹೇಳದ ಮಾತಿನ ಮೇಲೆ. ಬದುಕಿರುವ ತನಕ ಅವರು ಅದನ್ನು ಸಿನಿಮಾ ಮಾಡಲು ಬಿಡಲಿಲ್ಲ. ಅವರು ತೀರಿಕೊಂಡದ್ದು 1970ರಲ್ಲಿ. ಲೀನ್ ಮಾಡಿದ್ದೇನು? ಪುಸ್ತಕದಲ್ಲಿಲ್ಲದ ಒಂದು ದೃಶ್ಯ ಸೇರಿಸಿದರು. ಅಡೆಲಾ ಸೈಕಲ್ ಹತ್ತಿ ಪಾಳುಬಿದ್ದ ಗುಡಿಯೊಂದಕ್ಕೆ ಹೋಗುತ್ತಾಳೆ, ಮಿಥುನ ಶಿಲ್ಪಗಳನ್ನು ದಿಟ್ಟಿಸುತ್ತಾಳೆ, ಮಂಗಗಳು ಅಟ್ಟಿಸಿಕೊಂಡು ಬರುತ್ತವೆ, ಹೆದರಿ ಓಡುತ್ತಾಳೆ. ನೋಡಲು ಬಲು ಚೆಂದ. ಆದರೆ ಅಲ್ಲಿಗೆ ಗುಹೆಯ ಗುಟ್ಟು ಅರ್ಧ ಬಯಲಾಯಿತು. ಹುಡುಗಿಯ ಮನಸ್ಸಿನಲ್ಲಿ ಏನಿತ್ತು ಅನ್ನುವುದಕ್ಕೆ ಲೀನ್ ಮೊದಲೇ ಉತ್ತರ ಬರೆದುಕೊಟ್ಟ ಹಾಗಾಯಿತು. ಕತ್ತಲೆಗೆ ಟಾರ್ಚು ಬಿಟ್ಟರೆ ಗುಹೆ ಕಾಣುತ್ತದೆ, ಕತ್ತಲೆ ಕಾಣುವುದಿಲ್ಲ.

ಅದಕ್ಕೂ ಹತ್ತು ವರ್ಷ ಹಿಂದೆ ಅದೇ ರಾಮದೇವರಬೆಟ್ಟದ ಬುಡದಲ್ಲಿ ‘ಶೋಲೆ’. 1973ರ ಅಕ್ಟೋಬರಿನಲ್ಲಿ ಶೂಟಿಂಗ್ ಶುರುವಾಯಿತು. ರಮೇಶ್ ಸಿಪ್ಪಿ ಅಲ್ಲಿ ರಾಮಗಢ ಅನ್ನುವ ಊರನ್ನೇ ಕಟ್ಟಿಸಿದರು. ಎಷ್ಟು ಸಲ ನೋಡಿದ್ದೇವೋ ಲೆಕ್ಕವಿಲ್ಲ, ಆದರೂ ಎರಡು ಜಾಗವನ್ನು ಈಗ ಮತ್ತೆ ನೆನಪಿಸಿಕೊಳ್ಳಿ. ಇಮಾಮ್ ಸಾಹೇಬರ ಮಗ ಅಹ್ಮದ್ ದರೋಡೆಕೋರ ಗಬ್ಬರನ ಕೈಗೆ ಸಿಕ್ಕಿದ್ದಾನೆ. ಗಬ್ಬರ್ ಮಲಗಿದ್ದಾನೆ, ಅವನ ತೋಳಿನ ಮೇಲೆ ಒಂದು ಇರುವೆ. ಅದನ್ನೇ ನೋಡುತ್ತಾ ಹೊಸಕಿಹಾಕುತ್ತಾನೆ. ಮುಂದಿನ ಚಿತ್ರ: ಕುದುರೆಯೊಂದು ಹೆಣ ಹೊತ್ತು ಊರೊಳಗೆ ಬರುತ್ತದೆ. ಅಷ್ಟೇ. ಆ ಹುಡುಗನನ್ನು ಕೊಲ್ಲುವ ದೃಶ್ಯವನ್ನೂ ಚಿತ್ರೀಕರಿಸಿದ್ದರು, ಬಿಡುಗಡೆಯಾದ ಚಿತ್ರದಲ್ಲಿ ಅದಿಲ್ಲ. ಇಲ್ಲದ್ದೇ ಒಳ್ಳೆಯದಾಯಿತು. ಇರುವೆ ಒಂದು ಚೌಕ, ಕುದುರೆ ಇನ್ನೊಂದು. ನಡುವಿನ ಬಿಳಿ ಜಾಗದಲ್ಲಿ ಏನಾಯಿತೆಂದು ಕಲ್ಪಿಸಿಕೊಂಡು ಇಡೀ ದೇಶ ನಡುಗಿತು. ಚಿತ್ರಕತೆಯ ವ್ಯಾಕರಣ ನಮ್ಮೂರಿನ ಬಂಡೆಗಳ ನಡುವೆ ಸಿನಿಮಾಕ್ಕೆ ಹೀಗೆ ಒಲಿಯಿತು.

ಇನ್ನೊಂದು ಜಾಗ ಕೊನೆಯದು. ಮೊದಲು ಚಿತ್ರೀಕರಿಸಿದ ಹಾಗೆ, ಎರಡೂ ಕೈ ಇಲ್ಲದ ಠಾಕೂರ್ ಮೊಳೆ ಹೊಡೆದ ಚಪ್ಪಲಿಯಿಂದ ತುಳಿದು ಗಬ್ಬರನನ್ನು ಕೊಲ್ಲುತ್ತಾನೆ. ಆಗ ತುರ್ತುಪರಿಸ್ಥಿತಿ. ಪೊಲೀಸ್ ಅಧಿಕಾರಿಯಾಗಿದ್ದವನು ಕಾನೂನನ್ನು ಕೈಗೆ, ಅಲ್ಲ, ಕಾಲಿಗೆ ತೆಗೆದುಕೊಳ್ಳುವುದು ಸೆನ್ಸಾರಿನವರಿಗೆ ಹಿಡಿಸಲಿಲ್ಲ. ಅಂತ್ಯವನ್ನು ಬದಲಿಸಿ ತೆಗೆದರು. 1975ರ ಆಗಸ್ಟ್ 15ರಂದು ಬಿಡುಗಡೆಯಾದ ಚಿತ್ರದಲ್ಲಿ ಸರಿಯಾದ ಹೊತ್ತಿಗೆ ಪೊಲೀಸರು ಬಂದು ಗಬ್ಬರನನ್ನು ಹಿಡಿದುಕೊಂಡು ಹೋಗುತ್ತಾರೆ. ಮೂರು ಗಂಟೆ ಕುದಿದ ಸಾರಿಗೆ ಕೊನೆಯಲ್ಲಿ ತಣ್ಣೀರು ಹೊಯ್ದಂತೆ. ಗೆದ್ದೆನೋ ಸೋತೆನೋ ಠಾಕೂರನಿಗೇ ಗೊತ್ತಾಗುವುದಿಲ್ಲ.

ಅಳಿಯನಿಗೆ ನಾನು ಹೇಳಿದ್ದು ಈ ಎರಡು ಜಾಗಗಳನ್ನು ಇಟ್ಟುಕೊಂಡೇ. ತೋರಿಸುವುದನ್ನು ಕತ್ತರಿಸಿದರೆ ಕತೆ ಸಾಯುವುದಿಲ್ಲ, ಎಷ್ಟೋ ಸಲ ಬಲಿಯುತ್ತದೆ. ನಡೆದದ್ದನ್ನೇ ನಡೆದಿಲ್ಲ ಅನ್ನಿಸಿದರೆ ಸಾಯುತ್ತದೆ. ದೊಡ್ಡವರ ಚಿತ್ರಕತೆಯನ್ನು ಪರದೆಗೆ ತರುವವನು ಸೆನ್ಸಾರಿನವರ ಜೊತೆ ಜಗಳ ಆಡಬೇಕಾದರೆ ಆಡಲಿ, ಆದರೆ ಎದೆಯ ಮೇಲಿನ ಒಂದು ಅಂಗುಲ ಬಟ್ಟೆಗಾಗಿ ಅಲ್ಲ, ಅಂತ್ಯಕ್ಕಾಗಿ ಆಡಲಿ.

ಹುಡುಗ ಸುಲಭಕ್ಕೆ ಒಪ್ಪುವವನಲ್ಲ. “ಹಂಗಾದ್ರೆ ಮಾವ, ಬೆತ್ತಲೆ ಬರೀಲೇಬಾರದಾ?” ಅಂದ. ಬರೀಬೇಡ ಅಂತ ನಾನು ಅನ್ನಲಿಲ್ಲ. 2013ರಲ್ಲಿ ಕಾನ್‌ನ ದೊಡ್ಡ ಬಹುಮಾನ ಗೆದ್ದ ‘ಬ್ಲೂ ಈಸ್ ದ ವಾರ್ಮೆಸ್ಟ್ ಕಲರ್’ ಕೂಡ ಚಿತ್ರಕತೆಯಿಂದಲೇ ಬಂದದ್ದು, ಇಬ್ಬರು ಹುಡುಗಿಯರ ಪ್ರೀತಿಯ ಕತೆ. ಅದರ ಹಾಸಿಗೆಯ ದೃಶ್ಯಗಳನ್ನು ನೋಡಿ ಮೊದಲು ಬೇಜಾರಾದದ್ದು ಮಡಿವಂತರಿಗಲ್ಲ, ಮೂಲ ಬರೆದ ಮಾರೋ ಅವರಿಗೇ. ಅದು ಪ್ರೀತಿಯಾಗಿ ಕಾಣಲಿಲ್ಲ, ಪ್ರದರ್ಶನವಾಗಿ ಕಂಡಿತು ಎಂಬ ಅರ್ಥದಲ್ಲಿ ಅವರು ಬರೆದರು. ಗೆರೆಯಲ್ಲಿ ಬರೆದ ಮೈ ಯಾರದೂ ಅಲ್ಲ, ಪರದೆಯ ಮೇಲಿನ ಮೈ ಒಬ್ಬ ನಟಿಯದು. ಅವಳು ಸಂಜೆ ಮನೆಗೆ ಹೋಗುತ್ತಾಳೆ, ಅವಳಿಗೂ ಸೋದರತ್ತೆ ಇರುತ್ತಾಳೆ.

ಇದನ್ನು ಅವನಿಗೆ ಅರ್ಥ ಮಾಡಿಸಿದ್ದು ನನ್ನ ಮಾತಲ್ಲ, ಅವನದೇ ಕಸುಬು. ಒಂದು ಭಾನುವಾರ ಅವನ ಕೆಲಸದ ಜಾಗದಲ್ಲಿ ಕೂತಿದ್ದೆ. ತಿರುಗುವ ಆಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಕರಗಿ ಬಣ್ಣ ಹತ್ತಿಕೊಳ್ಳುತ್ತದೆ. ಗರಿಯಲ್ಲಿ ಉಜ್ಜಿದರೆ ಕನ್ನಡಿಯ ಹೊಳಪು. ಆಮೇಲೆ ಮುಖ. ಅವನು ಸಣ್ಣ ಕುಂಚದಿಂದ ಎರಡು ಚುಕ್ಕಿ ಇಟ್ಟ, ಕೆಳಗೆ ಒಂದು ಗೆರೆ ಎಳೆದ, ಮುಗಿಯಿತು. “ಹುಬ್ಬು, ರೆಪ್ಪೆ ಬೇಡ್ವೇನೋ?” ಅಂದೆ. “ಜಾಸ್ತಿ ಬರೆದ್ರೆ ಮಕ್ಳು ಹೆದರ್ಕೊತಾವೆ ಮಾವ. ಇಷ್ಟಿದ್ರೆ ಅವೇ ನಗಿಸ್ಕೊತಾವೆ, ಅವೇ ಅಳಿಸ್ಕೊತಾವೆ” ಅಂದ. ಅಂದವನು ಕುಂಚ ಹಿಡಿದು ಹಾಗೇ ಒಂದು ಗಳಿಗೆ ಕೂತ.

ಮುಂದಿನ ವಾರ ಹಾಳೆಗಳನ್ನು ತಿದ್ದಿ ತಂದಿದ್ದ. ಬಡ್ಡಿಯವನ ಕೊಲೆ ಮೊದಲು ಆರು ಚೌಕದಲ್ಲಿತ್ತು, ಈಗ ಎರಡರಲ್ಲಿದೆ. ರೇಷ್ಮೆ ಹುಳು ಗೂಡು ಕಟ್ಟಿ ಮುಗಿಸಿದ ಚಂದ್ರಂಕಿ ಒಂದು, ಕುದಿಯುವ ನೀರಿನ ಬಾಣಲೆ ಒಂದು. ಬೈಗುಳ ಹಾಗೇ ಉಳಿಸಿದ್ದಾನೆ, ಬೆತ್ತಲೆಯನ್ನೂ ಒಂದು ಕಡೆ ಉಳಿಸಿದ್ದಾನೆ. ಉಳಿಯಬೇಕಾದದ್ದೇ ಅದು. ಬಡ್ಡಿಯವನು ಹೇಗೆ ಸತ್ತ ಅಂತ ನಾನು ಕೇಳಲಿಲ್ಲ, ರಾತ್ರಿ ನಿದ್ದೆಯೂ ಬರಲಿಲ್ಲ.

ಶೋಲೆಯ ಮೊದಲ ಅಂತ್ಯ ಬಹಳ ವರ್ಷ ವಿಡಿಯೊಗಳಲ್ಲಿ ಓಡಾಡುತ್ತಿತ್ತು. ರಿಪೇರಿ ಮಾಡಿದ ಪ್ರತಿಯಲ್ಲಿ ಅದು 2025ರ ಜೂನ್‌ನಲ್ಲಿ ಇಟಲಿಯ ಬೊಲೋನ್ಯಾದಲ್ಲಿ ದೊಡ್ಡ ಪರದೆಯ ಮೇಲೆ ಪ್ರದರ್ಶನವಾಯಿತು. ಐವತ್ತು ವರ್ಷ ಹಿಡಿಯಿತು. ಈಗ ಸೆನ್ಸಾರ್ ನಿಯಮಗಳೂ ಬದಲಾಗಿವೆ. 2024ರಿಂದ ‘ಯು/ಎ’ ಅನ್ನುವುದನ್ನು 7, 13, 16 ವರ್ಷ ಮೇಲ್ಪಟ್ಟವರಿಗೆ ಎಂದು ಮೂರಾಗಿ ಒಡೆದಿದ್ದಾರೆ. ‘ಎ’ ಮಾತ್ರ ಹಿಂದಿನಂತೆಯೇ ಹದಿನೆಂಟು ದಾಟಿದವರಿಗೆ. ಕೇಳುಗರಲ್ಲಿ ನನ್ನದೊಂದು ವಿನಂತಿ. ಟಿಕೆಟ್ ಕೊಳ್ಳುವ ಮೊದಲು ಆ ಅಕ್ಷರವನ್ನು ನೋಡಿ. ‘ಎ’ ಚಿತ್ರಕ್ಕೆ ಮಕ್ಕಳನ್ನು ಸೊಂಟದ ಮೇಲೆ ಹೊತ್ತು ಹೋಗಿ, ಆಮೇಲೆ ಚಿತ್ರವನ್ನೇ ನಿಲ್ಲಿಸಿ ಅಂತ ಕೂಗಬೇಡಿ. ನಿಮ್ಮ ಮನೆಯಲ್ಲೂ ರಾತ್ರಿ ದೀಪ ಹಚ್ಚಿಕೊಂಡು ಚೌಕ ಎಳೆಯುವ ಹುಡುಗನೋ ಹುಡುಗಿಯೋ ಇದ್ದರೆ, ಮೊದಲ ಪುಟದಲ್ಲಿ ರಕ್ತ ಕಂಡಿತೆಂದು ಹಾಳೆ ಹರಿಯಬೇಡಿ. ಕೊನೆಯ ಪುಟದ ತನಕ ಓದಿ, ಆಮೇಲೆ ಬೈಯಿರಿ.